ವಿಕಲಚೇತನರಿಗೆ ನೆರವಾಗುವ ಸೇವಾ ನಾಯಿಗಳು: ತರಬೇತಿಯಿಂದ ಹಸ್ತಾಂತರದವರೆಗೆ

ಅಮೆರಿಕ, ಕೆನಡಾಗಳಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋಗಿ ಬಂದ ನಮ್ಮ ಕರಾವಳಿಯ ಹಿರಿಯರು ಅಲ್ಲಿನ ಚರ್ಚುಗಳ ಬಗ್ಗೆ ಮಾತನಾಡುವಾಗ ಒಂದು ವಿಷಯವನ್ನು ಆಶ್ಚರ್ಯದಿಂದ ಹೇಳುವುದುಂಟು. ಭಾನುವಾರದ ಬಲಿಪೂಜೆಗೆ ಗಾಲಿಕುರ್ಚಿಯಲ್ಲಿ ಬಂದವರ ಜೊತೆ ನಾಯಿಯೊಂದು ಒಳಗೆ ಬರುತ್ತದೆ, ಬೆಂಚಿನ ಕೆಳಗೆ ಮಲಗುತ್ತದೆ, ಪೂಜೆ ಮುಗಿಯುವವರೆಗೂ ಸದ್ದು ಮಾಡುವುದಿಲ್ಲ, ಯಾರೂ ಅದನ್ನು ಹೊರಗೆ ಅಟ್ಟುವುದಿಲ್ಲ. ಅಂಗಳದಲ್ಲಿ ಸರಪಳಿ ಕಟ್ಟಿಸಿಕೊಂಡ ಕಾವಲು ನಾಯಿಯನ್ನು ಬಿಟ್ಟರೆ ಬೀದಿ ನಾಯಿಯನ್ನಷ್ಟೇ ಕಂಡಿರುವ ನಮಗೆ ಇದು ವಿಚಿತ್ರವೆನಿಸುವುದು ಸಹಜ. ಆ ನಾಯಿ ಯಾರದು, ಅದನ್ನು ತಯಾರು ಮಾಡಿದವರು ಯಾರು, ಅದು ಆ ವ್ಯಕ್ತಿಯ ಕೈಸೇರಿದ್ದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲು ಬಯಸುತ್ತೇವೆ.

ಮೊದಲಿಗೆ ಒಂದು ಸ್ಪಷ್ಟನೆ. ಸರ್ವಿಸ್ ಡಾಗ್ ಅಥವಾ ಸೇವಾ ನಾಯಿ ಎಂದರೆ ಒಬ್ಬ ನಿರ್ದಿಷ್ಟ ವಿಕಲಚೇತನ ವ್ಯಕ್ತಿಗೆ ಮಾಡಲಾಗದ ಕೆಲಸವನ್ನು ಮಾಡಿಕೊಡಲು ತರಬೇತಿ ಪಡೆದ ನಾಯಿ. ಅಂಧರಿಗೆ ದಾರಿ ತೋರುವುದು, ಕಿವಿ ಕೇಳದವರಿಗೆ ಬಾಗಿಲ ಗಂಟೆ ಬಾರಿಸಿತೆಂದು ಮುಟ್ಟಿ ತಿಳಿಸುವುದು, ಗಾಲಿಕುರ್ಚಿಯಲ್ಲಿರುವವರಿಗೆ ಬಿದ್ದ ಕೀಲಿಕೈ ಎತ್ತಿಕೊಡುವುದು ಇವೆಲ್ಲ ಆ ಕೆಲಸಗಳು. ಆಸ್ಪತ್ರೆ, ವೃದ್ಧಾಶ್ರಮಗಳಿಗೆ ಕರೆತಂದು ರೋಗಿಗಳ ಮನಸ್ಸಿಗೆ ಹಿತ ನೀಡುವ ನಾಯಿಗಳು ಬೇರೆ. ಅವೂ ಒಳ್ಳೆಯ ಕೆಲಸವನ್ನೇ ಮಾಡುತ್ತವೆ, ಆದರೆ ಸೇವಾ ನಾಯಿಗಳಲ್ಲ. ಜೊತೆಗಿದ್ದರೆ ಸಮಾಧಾನ ಎಂಬ ಕಾರಣಕ್ಕೆ ಇಟ್ಟುಕೊಂಡ ಸಾಕು ನಾಯಿಯೂ ಸೇವಾ ನಾಯಿಯಲ್ಲ. ಈ ವ್ಯತ್ಯಾಸ ಯಾಕೆ ಮುಖ್ಯ ಎಂಬುದು ಮುಂದೆ ತಿಳಿಯುತ್ತದೆ.

ಕಣ್ಣಿಲ್ಲದವರಿಂದ ಆರಂಭ

ಈ ಕೆಲಸ ವ್ಯವಸ್ಥಿತವಾಗಿ ಆರಂಭವಾದದ್ದು ಮೊದಲ ಮಹಾಯುದ್ಧದ ಕಾಲದಲ್ಲಿ. ಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ 1916ರಲ್ಲಿ ಡಾ. ಗೆರ್ಹಾರ್ಡ್ ಸ್ಟಾಲಿಂಗ್ ಅವರು ಮಾರ್ಗದರ್ಶಿ ನಾಯಿಗಳ ಶಾಲೆ ತೆರೆದರು. ಸ್ವಿಟ್ಜರ್ಲೆಂಡಿನಲ್ಲಿ ನಾಯಿಗಳನ್ನು ಸಾಕುತ್ತಿದ್ದ ಅಮೆರಿಕದ ಡೊರೊಥಿ ಹ್ಯಾರಿಸನ್ ಯೂಸ್ಟಿಸ್ ಎಂಬ ಮಹಿಳೆ ಜರ್ಮನಿಯಲ್ಲಿ ಕಂಡದ್ದನ್ನು 1927ರಲ್ಲಿ ಅಮೆರಿಕದ ಪತ್ರಿಕೆಯೊಂದಕ್ಕೆ ಬರೆದರು. ಅದನ್ನು ಓದಿಸಿ ಕೇಳಿದ ನ್ಯಾಶ್‌ವಿಲ್‌ನ ಅಂಧ ಯುವಕ ಮಾರಿಸ್ ಫ್ರಾಂಕ್ ನನಗೂ ಒಂದು ನಾಯಿ ಬೇಕೆಂದು ಆಕೆಗೆ ಪತ್ರ ಬರೆದರು. 1928ರಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ ಬಡ್ಡಿ ಎಂಬ ಹೆಣ್ಣು ಜರ್ಮನ್ ಶೆಫರ್ಡ್ ನಾಯಿಯೊಂದಿಗೆ ತರಬೇತಿ ಪಡೆದು ಮರಳಿದ ಅವರು, ಅದೇ ಜೂನ್‌ನಲ್ಲಿ ಪತ್ರಕರ್ತರ ಎದುರೇ ನ್ಯೂಯಾರ್ಕಿನ ವಾಹನ ದಟ್ಟಣೆಯ ರಸ್ತೆ ದಾಟಿ ತೋರಿಸಿದರು. ಮರುವರ್ಷ, 1929ರಲ್ಲಿ, ಇಬ್ಬರೂ ಸೇರಿ ನ್ಯಾಶ್‌ವಿಲ್‌ನಲ್ಲಿ ಆರಂಭಿಸಿದ ಸಂಸ್ಥೆಯೇ ‘ದ ಸೀಯಿಂಗ್ ಐ’. ಈ ಹೆಸರು ಬಂದದ್ದು ಬೈಬಲಿನ ಜ್ಞಾನೋಕ್ತಿಗಳು 20:12ರಿಂದ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಸರಿಪಡಿಸಬೇಕಾಗಿದೆ. ನಾಯಿ ಅಂಧರನ್ನು ತನಗೆ ಬೇಕಾದಲ್ಲಿಗೆ ಕರೆದುಕೊಂಡು ಹೋಗುವುದಿಲ್ಲ. ಅದಕ್ಕೆ ಪೇಟೆಯೂ ಗೊತ್ತಿಲ್ಲ, ಬಸ್ ನಂಬರೂ ಗೊತ್ತಿಲ್ಲ, ಸಿಗ್ನಲ್ ದೀಪದ ಬಣ್ಣವನ್ನು ನೋಡಿ ನಿರ್ಧರಿಸುವುದೂ ಇಲ್ಲ. ದಾರಿ ಮನುಷ್ಯನ ತಲೆಯಲ್ಲಿರಬೇಕು. ವಾಹನಗಳ ಸದ್ದು ಕೇಳಿ ಈಗ ದಾಟಬಹುದೆಂದು ನಿರ್ಧರಿಸಿ ಅಪ್ಪಣೆ ಕೊಡುವವನು ಮನುಷ್ಯನೇ. ಹೊಂಡ, ಕಂಬ, ಮೆಟ್ಟಿಲು ತಪ್ಪಿಸುವುದು ನಾಯಿಯ ಕೆಲಸ. ಅಪ್ಪಣೆ ಕೊಟ್ಟರೂ ಎದುರಿಗೆ ಕಾರು ಬರುತ್ತಿದ್ದರೆ ಅದು ಹೆಜ್ಜೆ ಮುಂದಿಡದೆ ನಿಲ್ಲಬೇಕು. ವಿಧೇಯತೆ ಕಲಿಸಿದ ಮೇಲೆ ಎಲ್ಲಿ ವಿಧೇಯನಾಗಬಾರದು ಎಂಬುದನ್ನೂ ಕಲಿಸುವುದು ಈ ತರಬೇತಿಯ ಅತ್ಯಂತ ಕಷ್ಟದ ಭಾಗ.

ಅಂಧರಲ್ಲದ ವಿಕಲಚೇತನರಿಗೂ ನಾಯಿ ನೆರವಾಗಬಹುದೆಂಬ ಯೋಚನೆ ಬೇರೂರಲು ಮತ್ತೆ ಸುಮಾರು ಐವತ್ತು ವರ್ಷ ಬೇಕಾಯಿತು. ಬಾನಿ ಬರ್ಗಿನ್ ಎಂಬ ಅಮೆರಿಕದ ಶಿಕ್ಷಕಿ ಏಷ್ಯಾದ ದೇಶಗಳಲ್ಲಿ ಸುತ್ತುವಾಗ, ಕೈಕಾಲು ಸ್ವಾಧೀನವಿಲ್ಲದ ಬಡವರು ಕತ್ತೆಯ ಆಸರೆಯಲ್ಲಿ ಓಡಾಡಿ ಸಾಮಾನು ಮಾರಿ ಬದುಕುವುದನ್ನು ಕಂಡಿದ್ದರು. ಅವರ ದೇಶದಲ್ಲಾದರೋ ಅಂಥವರನ್ನು ಸಂಸ್ಥೆಗಳಲ್ಲಿ ಇರಿಸಿ ನೋಡಿಕೊಳ್ಳುವುದೇ ರೂಢಿಯಾಗಿತ್ತು. ಕತ್ತೆ ಮಾಡುವುದನ್ನು ನಾಯಿ ಯಾಕೆ ಮಾಡಬಾರದು ಎಂದು ಯೋಚಿಸಿ 1975ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ರೋಸಾದಲ್ಲಿ ಅವರು ಆರಂಭಿಸಿದ ಸಂಸ್ಥೆ ಇಂದು ಕನೈನ್ ಕಂಪ್ಯಾನಿಯನ್ಸ್ ಎಂಬ ಹೆಸರಿನಲ್ಲಿದೆ. ಗಾಲಿಕುರ್ಚಿಯಲ್ಲಿದ್ದ ಕೆರಿ ನಾಸ್ ಎಂಬ ಯುವತಿಗೆ ಅವರು ಕೊಟ್ಟ ಮೊದಲ ನಾಯಿಯ ಹೆಸರು ಅಬ್ದುಲ್. ಶ್ರೀಮಂತ ದೇಶದ ಈ ವ್ಯವಸ್ಥೆಯ ಬೀಜ ನಮ್ಮ ಖಂಡದ ಬಡವರ ಬದುಕಿನಿಂದ ಹೋದದ್ದು ಎಂಬುದು ಗಮನಾರ್ಹ.

ಕಲಿಸುವ ಬಗೆ

ಕನೈನ್ ಕಂಪ್ಯಾನಿಯನ್ಸ್‌ನಲ್ಲಿ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ಮತ್ತು ಇವೆರಡರ ಮಿಶ್ರತಳಿಯ ಮರಿಗಳನ್ನೇ ಬಳಸುತ್ತಾರೆ. ಬಾಯಲ್ಲಿ ವಸ್ತು ಹಿಡಿದು ತರುವುದು ಈ ತಳಿಗಳಿಗೆ ಹುಟ್ಟುಗುಣ, ಮನುಷ್ಯರ ಸಹವಾಸವೂ ಇಷ್ಟ. ಎಂಟು ವಾರದ ಮರಿಯನ್ನು ಸ್ವಯಂಸೇವಕ ಕುಟುಂಬವೊಂದಕ್ಕೆ ಒಪ್ಪಿಸುತ್ತಾರೆ. ಆ ಮನೆಯವರು ಸುಮಾರು ಒಂದೂವರೆ ವರ್ಷ ಅದನ್ನು ತಮ್ಮ ಖರ್ಚಿನಲ್ಲಿ ಸಾಕಿ, ಅಂಗಡಿ, ಬಸ್ಸು, ಲಿಫ್ಟು, ಶಾಲೆ, ಚರ್ಚು ಎಲ್ಲ ಕಡೆ ಕರೆದುಕೊಂಡು ಹೋಗಿ ಯಾವ ಸದ್ದಿಗೂ ಬೆದರದಂತೆ ಬೆಳೆಸುತ್ತಾರೆ. ನೆಲದ ಮೇಲೆ ಬಿದ್ದ ತಿಂಡಿಯನ್ನು ಮೂಸದೆ ದಾಟುವುದು, ಬೇರೆ ನಾಯಿ ಬೊಗಳಿದರೂ ತಿರುಗಿ ನೋಡದಿರುವುದು, ಹೇಳಿದಾಗ ಮಾತ್ರ ಮಲಮೂತ್ರ ಮಾಡುವುದು ಇವೆಲ್ಲ ಆ ಅವಧಿಯ ಪಾಠಗಳು. ಆಮೇಲೆ ಆ ಮರಿಯನ್ನು ಸಂಸ್ಥೆಗೆ ಮರಳಿಸಬೇಕು. ಸಾಕಿದ ಮಕ್ಕಳು ಅಳುತ್ತಾರೆ, ಕೆಲವೊಮ್ಮೆ ಮನೆಯ ಯಜಮಾನನೂ ಅಳುತ್ತಾನೆ. ಆದರೂ ಅವರಲ್ಲಿ ಹಲವರು ಇನ್ನೊಂದು ಮರಿ ತೆಗೆದುಕೊಳ್ಳುತ್ತಾರೆ.

ಮುಂದಿನ ಆರು ತಿಂಗಳು ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಕಾಲ ವೃತ್ತಿಪರ ತರಬೇತುದಾರರ ಸರದಿ. ಹೊಡೆತ ಬಡಿತದ ಕಾಲ ಹೋಗಿದೆ. ಸರಿಯಾಗಿ ಮಾಡಿದ ಕ್ಷಣವೇ ಒಂದು ಟಿಕ್ ಶಬ್ದ ಅಥವಾ ಮೆಚ್ಚುಗೆಯ ಮಾತು, ಹಿಂದೆಯೇ ಒಂದು ತುಣುಕು ತಿಂಡಿ. ಫ್ರಿಜ್ ಬಾಗಿಲು ತೆಗೆಯುವುದನ್ನೇ ನೋಡೋಣ. ಮೊದಲು ಬಟ್ಟೆಯ ತುಂಡನ್ನು ಕಚ್ಚಿ ಎಳೆಯುವ ಆಟ. ಅದು ಅಭ್ಯಾಸವಾದ ಮೇಲೆ ಅದೇ ಬಟ್ಟೆಯನ್ನು ಫ್ರಿಜ್‌ನ ಹಿಡಿಗೆ ಕಟ್ಟುತ್ತಾರೆ. ನಾಯಿ ಎಳೆಯುತ್ತದೆ, ಬಾಗಿಲು ತೆರೆಯುತ್ತದೆ. ಆಮೇಲೆ ಒಳಗಿನ ನೀರಿನ ಬಾಟಲಿ ಹಿಡಿಯುವ ಪಾಠ, ಅದನ್ನು ಮಡಿಲಿಗೆ ತಂದು ಕೊಡುವ ಪಾಠ, ಕೊನೆಗೆ ಮೂಗಿನಿಂದ ಬಾಗಿಲು ಮುಚ್ಚುವ ಪಾಠ. ಪ್ರತಿಯೊಂದೂ ಬೇರೆ ಬೇರೆ ಕಲಿತು ಒಂದಕ್ಕೊಂದು ಜೋಡಿಸಿದಾಗ ನೋಡುವವರಿಗೆ ಅದು ಒಂದೇ ಕೆಲಸದಂತೆ ಕಾಣುತ್ತದೆ. ಲೋಹದ ವಸ್ತುವನ್ನು ಬಾಯಲ್ಲಿ ಹಿಡಿಯುವುದು ನಾಯಿಗಳಿಗೆ ಹಿಡಿಸದು; ಹಾಗಾಗಿ ಕೀಲಿಕೈ, ಚಮಚಗಳಿಗೆ ಆರಂಭದಲ್ಲಿ ಬಟ್ಟೆ ಸುತ್ತಿ ಅಭ್ಯಾಸ ಮಾಡಿಸುವುದುಂಟು. ಗೋಡೆಗೆ ಮುಂಗಾಲಿಟ್ಟು ನಿಂತು ಮೂಗಿನಿಂದ ಲೈಟಿನ ಸ್ವಿಚ್ ಒತ್ತುವುದೂ ಇದೇ ರೀತಿ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ.

ಎಲ್ಲವನ್ನೂ ಕಲಿಸಲಾಗದು ಎಂಬುದನ್ನೂ ಹೇಳಬೇಕು. ಮೂರ್ಛೆರೋಗಿಗಳ ವಿಷಯವೇ ಅದಕ್ಕೆ ನಿದರ್ಶನ. ಮೂರ್ಛೆ ಬಂದಾಗ ಪಕ್ಕದಲ್ಲೇ ಉಳಿಯುವುದು, ಮನೆಯವರನ್ನು ಕರೆಯುವುದು, ಅಲಾರಂ ಗುಂಡಿ ಒತ್ತುವುದು ಇವುಗಳನ್ನು ಕಲಿಸಬಹುದು. ಮೂರ್ಛೆ ಬರುವ ಮುನ್ನವೇ ಸೂಚನೆ ಕೊಡುವ ನಾಯಿಗಳೂ ಇವೆ, ಆದರೆ ಅದನ್ನು ಖಚಿತವಾಗಿ ಕಲಿಸಿಕೊಡುತ್ತೇವೆ ಎಂದು ಯಾರಾದರೂ ಹಣ ಕೇಳಿದರೆ ಎಚ್ಚರದಿಂದಿರುವುದು ಲೇಸು.

ಸಿಸ್ಟರ್ ಪೌಲಿನ್ ಮತ್ತು ಜೈಲಿನ ನಾಯಿಗಳು

ಒಂದು ನಾಯಿಯನ್ನು ತಯಾರು ಮಾಡಲು ಎರಡು ವರ್ಷ ಬೇಕು, ಖರ್ಚು ಹತ್ತಾರು ಸಾವಿರ ಡಾಲರ್. ಈ ಲೆಕ್ಕದಲ್ಲಿ ಅತ್ಯಂತ ದುಬಾರಿ ವಸ್ತು ಮನುಷ್ಯನ ಸಮಯ. ಸಮಯವಲ್ಲದೆ ಬೇರೇನೂ ಇಲ್ಲದವರು ಎಲ್ಲಿದ್ದಾರೆ? ಜೈಲಿನಲ್ಲಿ. ಇದನ್ನು ಕಂಡುಕೊಂಡವರು ಡೊಮಿನಿಕನ್ ಧರ್ಮಭಗಿನಿ ಪೌಲಿನ್ ಕ್ವಿನ್.

ಅವರ ಬಾಲ್ಯ ಸುಖದ್ದಾಗಿರಲಿಲ್ಲ. ದೌರ್ಜನ್ಯ ತಾಳಲಾರದೆ ಮನೆ ಬಿಟ್ಟು ಓಡಿದವರು, ಹಲವು ಸಂಸ್ಥೆಗಳಲ್ಲಿ ಬಂಧಿಯಂತೆ ಇದ್ದವರು, ಬೀದಿಯಲ್ಲಿ ಮಲಗಿದವರು. ಜೋನಿ ಎಂಬ ಜರ್ಮನ್ ಶೆಫರ್ಡ್ ನಾಯಿ ಜೊತೆಗೂಡಿದ ಮೇಲೆ ತನ್ನಲ್ಲಿ ಮತ್ತೆ ಧೈರ್ಯ ಮೂಡಿತೆಂದು ಅವರು ಹೇಳುತ್ತಿದ್ದರು. ವಾಷಿಂಗ್ಟನ್ ರಾಜ್ಯ ವಿಶ್ವವಿದ್ಯಾನಿಲಯದ ಪಶುವೈದ್ಯ ಡಾ. ಲಿಯೋ ಬುಸ್ಟಾಡ್ ಅವರ ನೆರವಿನಿಂದ 1981ರಲ್ಲಿ ಅದೇ ರಾಜ್ಯದ ಪರ್ಡಿ ಎಂಬಲ್ಲಿನ ಮಹಿಳಾ ಜೈಲಿನಲ್ಲಿ ನಾಯಿ ತರಬೇತಿಯ ಕಾರ್ಯಕ್ರಮವನ್ನು ಆರಂಭಿಸಿದರು. ಬುಸ್ಟಾಡ್ ಅವರೂ ಎರಡನೇ ಮಹಾಯುದ್ಧದಲ್ಲಿ ಯುದ್ಧಕೈದಿಯಾಗಿ ಸೆರೆವಾಸ ಅನುಭವಿಸಿದವರು. ಪರ್ಡಿಗೆ ಬಂದ ನಾಯಿಗಳು ಯಾರಿಗೂ ಬೇಡವಾಗಿ ಆಶ್ರಯಧಾಮ ಸೇರಿದ್ದವು. ಕಲಿಸಿದವರು ಸಮಾಜ ಹೊರಗಿಟ್ಟ ಹೆಂಗಸರು. ಕಲಿತ ನಾಯಿಗಳು ಹೋದದ್ದು ವಿಕಲಚೇತನರ ಮನೆಗೆ. ಸೇವಾ ನಾಯಿಯಾಗಲು ಯೋಗ್ಯವಲ್ಲವೆಂದು ಕಂಡವು ಸಾಕು ನಾಯಿಗಳಾಗಿ ಕುಟುಂಬಗಳನ್ನು ಸೇರಿದವು. ಕೈದಿಗಳು ನಾಯಿಗಳ ಆರೈಕೆ, ಕೂದಲು ಕತ್ತರಿಸುವ ಕೆಲಸ ಕಲಿತು ಬಿಡುಗಡೆಯ ನಂತರ ದುಡಿದು ತಿನ್ನುವ ದಾರಿ ಕಂಡುಕೊಂಡರು.

ಆಮೇಲೆ ಈ ಪದ್ಧತಿ ಹಬ್ಬಿತು. ನ್ಯೂಯಾರ್ಕ್ ರಾಜ್ಯದಲ್ಲಿ 1997ರಲ್ಲಿ ಪಪ್ಪೀಸ್ ಬಿಹೈಂಡ್ ಬಾರ್ಸ್ ಎಂಬ ಸಂಸ್ಥೆ, ಮ್ಯಾಸಚೂಸೆಟ್ಸ್‌ನಲ್ಲಿ 1998ರಲ್ಲಿ ನೀಡ್ಸ್ ಎಂಬ ಸಂಸ್ಥೆ ಜೈಲುಗಳಲ್ಲಿ ಮರಿಗಳನ್ನು ಬೆಳೆಸಲು ಆರಂಭಿಸಿದವು. ಮರಿ ಕೈದಿಯ ಕೋಣೆಯಲ್ಲೇ ಮಲಗುತ್ತದೆ. ಹೊರಗಿನ ಯಾವ ಕುಟುಂಬವೂ ಕೊಡಲಾರದಷ್ಟು ಗಮನ ಅಲ್ಲಿ ಸಿಗುತ್ತದೆ, ಪಾಠ ದಿನಕ್ಕೆ ಹತ್ತಾರು ಬಾರಿ ನಡೆಯುತ್ತದೆ. ಜೈಲಿನಲ್ಲಿ ಸಿಗದಿರುವುದೆಂದರೆ ಸಂತೆ, ಟ್ರಾಫಿಕ್, ಓಡುವ ಮಕ್ಕಳು, ಮಳೆಗೆ ಬಿಚ್ಚುವ ಕೊಡೆ. ಹಾಗಾಗಿ ವಾರಾಂತ್ಯದಲ್ಲಿ ಸ್ವಯಂಸೇವಕರು ಮರಿಗಳನ್ನು ಹೊರಗೆ ಕರೆದೊಯ್ಯುತ್ತಾರೆ. ಯಾವ ಕೈದಿಗೆ ಮರಿ ಕೊಡಬೇಕೆಂಬುದಕ್ಕೂ ನಿಯಮಗಳಿವೆ. ಮಕ್ಕಳ ಮೇಲೆ ಅಥವಾ ಪ್ರಾಣಿಗಳ ಮೇಲೆ ಕ್ರೌರ್ಯ ಎಸಗಿದವರಿಗೆ ಸಾಮಾನ್ಯವಾಗಿ ಅವಕಾಶವಿಲ್ಲ. ಜೈಲು ಸಂದರ್ಶನ ಸೇವೆಯಲ್ಲಿರುವ ನಮ್ಮ ಓದುಗರಿಗೆ ಇದರಲ್ಲಿ ಯೋಚಿಸಲು ಸಾಕಷ್ಟಿದೆ. ಹಾಡು, ಪ್ರಾರ್ಥನೆ, ಕ್ರಿಸ್ಮಸ್ ಕೇಕ್ ಕೊಂಡೊಯ್ಯುವುದು ಸರಿಯೇ. ಸಿಸ್ಟರ್ ಪೌಲಿನ್ ಕೊಂಡೊಯ್ದದ್ದು ಬೇರೆಯವರಿಗೆ ಉಪಯೋಗವಾಗುವ ಒಂದು ಹೊಣೆಗಾರಿಕೆಯನ್ನು. ಅವರು 2020ರಲ್ಲಿ ನಿಧನರಾದರು.

ಯಾರಿಗೆ ಯಾವ ನಾಯಿ

ಇಷ್ಟೆಲ್ಲ ಆದ ಮೇಲೂ ಅರ್ಧದಷ್ಟು, ಕೆಲವೆಡೆ ಅದಕ್ಕೂ ಹೆಚ್ಚು ನಾಯಿಗಳು ತೇರ್ಗಡೆಯಾಗುವುದಿಲ್ಲ. ಒಂದಕ್ಕೆ ಸೊಂಟದ ಕೀಲಿನಲ್ಲಿ ದೋಷ, ಇನ್ನೊಂದಕ್ಕೆ ಅಳಿಲು ಕಂಡರೆ ಮೈಮರೆವು, ಮತ್ತೊಂದಕ್ಕೆ ಗುಡುಗಿನ ಭಯ. ಕರುಣೆಯಿಂದ ಒಂದೆರಡು ಅಂಕ ಹೆಚ್ಚು ಕೊಟ್ಟು ಪಾಸು ಮಾಡಿಸುವ ಪರೀಕ್ಷೆ ಇದಲ್ಲ. ನಡುರಸ್ತೆಯಲ್ಲಿ ನಾಯಿ ಅಳಿಲಿನ ಹಿಂದೆ ಹೊರಟರೆ ಗಾಲಿಕುರ್ಚಿಯೂ ಹಿಂದೆ ಹೋಗುತ್ತದೆ. ತೇರ್ಗಡೆಯಾಗದ ನಾಯಿಯನ್ನು ಮೊದಲು ಸಾಕಿದ ಕುಟುಂಬಕ್ಕೇ ಬೇಕೇ ಎಂದು ಕೇಳುವುದು ವಾಡಿಕೆ.

ನಾಯಿ ಬಯಸುವ ವಿಕಲಚೇತನರಿಗೂ ಪರೀಕ್ಷೆಯಿದೆ ಎಂದರೆ ಕೆಲವರಿಗೆ ನೋವಾಗಬಹುದು. ಅರ್ಜಿ, ವೈದ್ಯರ ವರದಿ, ಸಂದರ್ಶನ, ಕೆಲವೆಡೆ ಮನೆ ಭೇಟಿ, ಆಮೇಲೆ ತಿಂಗಳುಗಟ್ಟಲೆ, ಹಲವು ಬಾರಿ ವರ್ಷಗಟ್ಟಲೆ ಕಾಯುವಿಕೆ. ನಿಮ್ಮ ಕಷ್ಟ ಎಷ್ಟು ದೊಡ್ಡದು ಎಂಬುದೊಂದೇ ಅಲ್ಲಿ ಕೇಳುವ ಪ್ರಶ್ನೆಯಲ್ಲ. ನೀವು ಬೆಳಿಗ್ಗೆ ಎದ್ದು ಅದಕ್ಕೆ ಊಟ ಹಾಕುವಿರಾ, ಮಳೆಯಲ್ಲೂ ಹೊರಗೆ ಕರೆದೊಯ್ಯುವಿರಾ, ಅದು ಮಾತು ಕೇಳುವಂತೆ ದೃಢವಾಗಿ ಹೇಳಬಲ್ಲಿರಾ? ಕೈಯಿಂದ ಆಗದಿದ್ದರೆ ಇನ್ನೊಬ್ಬರಿಂದ ಮಾಡಿಸುವ ವ್ಯವಸ್ಥೆ ಇದೆಯೇ? ನಮ್ಮ ಅಭಿಪ್ರಾಯದಲ್ಲಿ ಈ ಪ್ರಶ್ನೆಗಳು ಅವಮಾನವಲ್ಲ. ವಿಕಲಚೇತನರನ್ನು ಕೇವಲ ಪಡೆಯುವವರೆಂದು ನೋಡದೆ ಇನ್ನೊಂದು ಜೀವಕ್ಕೆ ಯಜಮಾನರಾಗಬಲ್ಲವರೆಂದು ನೋಡುವ ಪ್ರಶ್ನೆಗಳು. ಕನೈನ್ ಕಂಪ್ಯಾನಿಯನ್ಸ್ ನಾಯಿಗೆ ಹಣ ಪಡೆಯುವುದಿಲ್ಲ. ಸೀಯಿಂಗ್ ಐ ಸಂಸ್ಥೆ ಬಹು ಹಿಂದಿನಿಂದಲೂ ಮೊದಲ ನಾಯಿಗೆ 150 ಡಾಲರ್, ಮುಂದಿನವುಗಳಿಗೆ 50 ಡಾಲರ್, ಮಾಜಿ ಸೈನಿಕರಿಂದ 1 ಡಾಲರ್ ಪಡೆಯುತ್ತದೆ. ನಿಜವಾದ ಖರ್ಚಿನ ಮುಂದೆ ಇದು ಏನೂ ಅಲ್ಲ. ದಾನವಾಗಿ ಬಂದದ್ದಲ್ಲ, ನಾನೂ ಕೊಟ್ಟಿದ್ದೇನೆ ಎಂದು ಹೇಳಿಕೊಳ್ಳುವ ಹಕ್ಕಿಗಾಗಿ ಆ ಹಣ.

ಜೋಡಿ ಮಾಡುವುದು ಸಂಬಂಧ ಕುದುರಿಸಿದ ಹಾಗೆಯೇ, ಆದರೆ ಇಲ್ಲಿ ಅಂತಸ್ತು ನೋಡುವುದಿಲ್ಲ. ಬಿರುಸಾಗಿ ನಡೆಯುವವರಿಗೆ ಬಿರುಸಿನ ನಾಯಿ, ಮೆಲ್ಲಗೆ ನಡೆಯುವವರಿಗೆ ಸಾವಧಾನದ ನಾಯಿ. ಧ್ವನಿ ಕ್ಷೀಣವಾದವರಿಗೆ ಸಣ್ಣ ಮಾತಿಗೂ ಕಿವಿಗೊಡುವ ನಾಯಿ. ಅಂಧರ ಶಾಲೆಗಳಲ್ಲಿ ‘ಜೂನೋ ನಡಿಗೆ’ ಎಂಬ ಪದ್ಧತಿಯಿದೆ: ತರಬೇತುದಾರರೇ ನಾಯಿಯ ಬದಲು ಹಾರ್ನೆಸ್ ಹಿಡಿಯ ಇನ್ನೊಂದು ತುದಿ ಹಿಡಿದು ಅರ್ಜಿದಾರರೊಂದಿಗೆ ಬೀದಿಯಲ್ಲಿ ನಡೆದು ಅವರ ವೇಗ, ಎಳೆತ, ಧ್ವನಿಗಳನ್ನು ಅಳೆಯುತ್ತಾರೆ. ನೋಡುವವರಿಗೆ ನಗು ಬರಬಹುದು, ಆದರೆ ಕಾಗದದ ಅರ್ಜಿಯಲ್ಲಿ ಸಿಗದ್ದು ಇದರಲ್ಲಿ ಸಿಗುತ್ತದೆ.

ಕನೈನ್ ಕಂಪ್ಯಾನಿಯನ್ಸ್‌ನಲ್ಲಿ ಆಯ್ಕೆಯಾದವರು ಸುಮಾರು ಎರಡು ವಾರ ಕೇಂದ್ರದಲ್ಲೇ ತಂಗಿ ಹಲವು ನಾಯಿಗಳ ಜೊತೆ ಕೆಲಸ ಮಾಡುತ್ತಾರೆ. ಮೊದಲ ದಿನಗಳಲ್ಲಿ ನಾಯಿ ಹೊಸಬರ ಮಾತು ಕೇಳದೆ ಪರಿಚಿತ ತರಬೇತುದಾರರ ಕಡೆಗೇ ನೋಡುವುದು ಸಾಮಾನ್ಯ. ಆ ನೋಟ ಹೊಸ ಯಜಮಾನರತ್ತ ಹೊರಳುವವರೆಗೆ ಜೋಡಿ ಕೂಡಿತೆಂದು ಹೇಳಲಾಗದು. ಕೊನೆಯ ದಿನ ಪದವಿ ಪ್ರದಾನದಂತಹ ಸಮಾರಂಭ. ಮರಿಯಿಂದ ಸಾಕಿದ ಕುಟುಂಬದವರು ವೇದಿಕೆಗೆ ಬಂದು ನಾಯಿಯ ಹಗ್ಗವನ್ನು ತಮ್ಮ ಕೈಯಾರೆ ಹೊಸ ಯಜಮಾನರ ಕೈಗೆ ಕೊಡುತ್ತಾರೆ. ಮನೆಗೆ ಹೋದ ಮೇಲೂ ಸಂಸ್ಥೆ ಕೈಬಿಡುವುದಿಲ್ಲ. ಹೇಗಿದೆ, ಏನು ತೊಂದರೆ ಎಂದು ವರ್ಷಗಳವರೆಗೆ ವಿಚಾರಿಸುತ್ತದೆ. ಎಂಟು ಹತ್ತು ವರ್ಷ ವಯಸ್ಸಾದಾಗ ನಾಯಿಗೆ ನಿವೃತ್ತಿ, ಮತ್ತೆ ಹೊಸ ನಾಯಿಗೆ ಅರ್ಜಿ. ಮಾರಿಸ್ ಫ್ರಾಂಕ್ ತಮ್ಮ ಮುಂದಿನ ನಾಯಿಗಳಿಗೂ ಬಡ್ಡಿ ಎಂದೇ ಹೆಸರಿಟ್ಟರು.

ಚರ್ಚಿನ ಬಾಗಿಲಲ್ಲಿ

ಅಮೆರಿಕದಲ್ಲಿ 1990ರ ವಿಕಲಚೇತನರ ಕಾಯ್ದೆಯಂತೆ ಹೋಟೆಲು, ಅಂಗಡಿ, ಆಸ್ಪತ್ರೆಗಳು ಸೇವಾ ನಾಯಿಯನ್ನು ತಡೆಯುವಂತಿಲ್ಲ. 2011ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ಸಿಬ್ಬಂದಿ ಎರಡೇ ಪ್ರಶ್ನೆ ಕೇಳಬಹುದು: ಇದು ಅಂಗವೈಕಲ್ಯದ ಕಾರಣಕ್ಕೆ ಬೇಕಾದ ಸೇವಾ ನಾಯಿಯೇ, ಇದಕ್ಕೆ ಯಾವ ಕೆಲಸ ಕಲಿಸಲಾಗಿದೆ? ಕಾಯಿಲೆ ಯಾವುದೆಂದು ಕೇಳುವಂತಿಲ್ಲ, ಕಾಗದಪತ್ರವನ್ನೂ ಕೇಳುವಂತಿಲ್ಲ. ಈ ಸೌಲಭ್ಯದ ದುರುಪಯೋಗವೂ ಆಗಿದೆ. ಇಂಟರ್ನೆಟ್‌ನಲ್ಲಿ ಒಂದು ಕೋಟು ಖರೀದಿಸಿ ಮನೆ ನಾಯಿಗೆ ತೊಡಿಸಿ ಕರೆತರುವವರಿದ್ದಾರೆ. ಸಮಾಧಾನಕ್ಕಾಗಿ ಸಾಕಿದ ಪ್ರಾಣಿಗಳನ್ನೆಲ್ಲ ವಿಮಾನಕ್ಕೆ ತರುವುದು ಮಿತಿಮೀರಿದಾಗ 2021ರಿಂದ ಅಲ್ಲಿನ ವಿಮಾನ ಸಂಸ್ಥೆಗಳಿಗೆ ತರಬೇತಾದ ಸೇವಾ ನಾಯಿಗಳನ್ನಷ್ಟೇ ಒಪ್ಪಿಕೊಳ್ಳಲು ಅವಕಾಶವಾಯಿತು. ಸುಳ್ಳು ಸೇವಾ ನಾಯಿ ಒಮ್ಮೆ ಬೊಗಳಿ ಕಚ್ಚಿದರೆ ಮುಂದಿನ ಬಾರಿ ಬಾಗಿಲಲ್ಲಿ ಅನುಮಾನದ ನೋಟ ಎದುರಿಸುವವರು ನಿಜವಾದ ಅಂಧರು.

ನಮ್ಮ ಓದುಗರು ತಿಳಿಯಬೇಕಾದ ಒಂದು ಸಂಗತಿಯೆಂದರೆ, ಆ ಕಾಯ್ದೆಯ ಈ ಭಾಗದಿಂದ ಧಾರ್ಮಿಕ ಸಂಸ್ಥೆಗಳಿಗೆ ವಿನಾಯಿತಿಯಿದೆ. ಹೋಟೆಲಿನವರು ನಾಯಿಯನ್ನು ಬಿಡಲೇಬೇಕು, ಚರ್ಚಿನವರು ಬಿಡಲೇಬೇಕೆಂದಿಲ್ಲ. ಹಾಗಿದ್ದೂ ಅಲ್ಲಿನ ಚರ್ಚುಗಳಲ್ಲಿ ಬೆಂಚಿನ ಕೆಳಗೆ ನಾಯಿ ಮಲಗಿರುತ್ತದೆ ಎಂದರೆ ಅದನ್ನು ನಿರ್ಧರಿಸಿದವರು ಆ ಧರ್ಮಕೇಂದ್ರದವರೇ, ಸರಕಾರವಲ್ಲ.

ನಮ್ಮ ದೇಶದಲ್ಲಿ ಸೇವಾ ನಾಯಿ ಬಹಳ ಅಪರೂಪ. ಹಣದ ಕೊರತೆಯೊಂದೇ ಕಾರಣವಲ್ಲ. ಫುಟ್‌ಪಾತ್ ಇಲ್ಲದ ರಸ್ತೆ, ಪ್ರತಿ ತಿರುವಿನಲ್ಲೂ ಮೈಮೇಲೆ ಬರುವ ಬೀದಿ ನಾಯಿಗಳ ಹಿಂಡು ಇರುವಲ್ಲಿ ಎಷ್ಟೇ ಚೆನ್ನಾಗಿ ಪಳಗಿದ ನಾಯಿಗೂ ಕೆಲಸ ಮಾಡುವುದು ಕಷ್ಟ. ಇಳಿಜಾರು ದಾರಿ, ಹಿಡಿದು ನಡೆಯಲು ಕಂಬಿ, ಬಿಳಿಕೋಲು ಹಿಡಿದವರಿಗೆ ದಾರಿ ಬಿಡುವ ಅಭ್ಯಾಸ ಇವು ನಮ್ಮ ಚರ್ಚುಗಳಲ್ಲಿ ನಾಯಿಗಿಂತ ಮೊದಲು ಆಗಬೇಕಾದವು ಎಂಬುದು ನಮ್ಮ ಅನಿಸಿಕೆ.

ಆದರೆ ನಮ್ಮವರು ದಾದಿಯರಾಗಿ, ವೃದ್ಧರ ಆರೈಕೆಗಾರರಾಗಿ ಹಲವು ದೇಶಗಳಲ್ಲಿ ದುಡಿಯುತ್ತಿದ್ದಾರೆ. ಅದರಲ್ಲಿ ಇಸ್ರೇಲ್ ಕೂಡ ಒಂದು. ಅಲ್ಲಿ 1991ರಿಂದ ಮಾರ್ಗದರ್ಶಿ ನಾಯಿಗಳ ಕೇಂದ್ರವಿದೆ. ಅಂಥ ಕಡೆ ಸೇವಾ ನಾಯಿ ಎದುರಾದರೆ ಅದನ್ನು ಮುಟ್ಟಬಾರದು, ಕರೆಯಬಾರದು, ಬಿಸ್ಕೆಟ್ ಹಾಕಬಾರದು, ಫೋಟೋಗಾಗಿ ಅದರ ಗಮನ ಸೆಳೆಯಬಾರದು. ಮಾತನಾಡಬೇಕಾದದ್ದು ವ್ಯಕ್ತಿಯೊಡನೆ. ಅಂಧರಿಗೆ ರಸ್ತೆ ದಾಟಿಸಲು ಹಾರ್ನೆಸ್ ಹಿಡಿದು ಎಳೆಯಬಾರದು. ಸಹಾಯ ಬೇಕೇ ಎಂದು ಬಾಯಿಬಿಟ್ಟು ಕೇಳಬೇಕು. ಸೇವಾ ನಾಯಿಯ ಕೋಟು ತೊಟ್ಟ ನಾಯಿಯೊಂದು ಯಜಮಾನರಿಲ್ಲದೆ ಒಂಟಿಯಾಗಿ ನಿಮ್ಮ ಬಳಿ ಬಂದು ಮೂಗಿನಿಂದ ತಿವಿದರೆ ಮಾತ್ರ ಅದನ್ನು ಓಡಿಸದೆ ಅದರ ಹಿಂದೆಯೇ ಹೋಗಿ ನೋಡಿ. ಅದರ ಯಜಮಾನರು ಎಲ್ಲೋ ಬಿದ್ದಿರಬಹುದು, ಸಹಾಯಕ್ಕೆ ಯಾರನ್ನಾದರೂ ಕರೆತರಲು ಅದು ಬಂದಿರಬಹುದು.